ಹೆಬ್ಬೆರಳು ಆರಿಸಿದ ಗಿಟಾರ್

ಅವರು ಹೇಳಿದ್ದು ಹದಿನಾರು ಸಾವಿರ. ನಾನು ಕೊಟ್ಟದ್ದೂ ಹದಿನಾರು ಸಾವಿರ.

ಹೌದು, ಸರಿಯಾಗಿಯೇ ಓದಿದಿರಿ. ಒಂದು ರೂಪಾಯಿ ಇಳಿಸಲಿಲ್ಲ. ಬಸ್ಸಿನ ಖರ್ಚನ್ನೂ ಬಿಡಿಸಿಕೊಳ್ಳಲಿಲ್ಲ. ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರು ಈಗ ಮೇಲೆ ನೋಡಿ, ಹೆಸರು ನನ್ನದೇ ಹೌದಾ ಎಂದು ಪರೀಕ್ಷಿಸಿರಬೇಕು. ಬೆಂಡೆಕಾಯಿ ತೂಗಿಸಿದ ಮೇಲೆ ಎರಡು ಹಸಿಮೆಣಸು ಹಾಕಿಸಿಕೊಳ್ಳದೆ ಬರಬಾರದು ಎಂದು ನಿಮಗೆಲ್ಲ ಪಾಠ ಹೇಳಿದ ಹೆಂಗಸು ನಾನು.

ಕೊಂಡದ್ದು ಒಂದು ಹಳೆಯ ಬೇಸ್ ಗಿಟಾರ್. ಪೂರ್ತಿ ಬೆಲೆ ಕೊಡಬೇಕಾಗಿ ಬಂದದ್ದು ಒಂದು ಕಾಲಿನ ಹೆಬ್ಬೆರಳಿಂದಾಗಿ.

ಗಿಟಾರ್ ನನಗಲ್ಲ, ನನ್ನ ಗಂಡ ಲಾರೆನ್ಸ್‌ಗೆ. (ಊರಿನವರು ಪ್ರೀತಿಯಿಂದ ‘ಲಾರಿ’ ಎನ್ನುತ್ತಾರೆ. ಸದ್ದು ಮಾತ್ರ ಸೈಕಲ್ಲಿನಷ್ಟೂ ಇಲ್ಲ.) ನಮ್ಮ ಚರ್ಚಿನಲ್ಲಿ ಹಾಡುವವರ ಗುಂಪಿಗೆ ಇಪ್ಪತ್ತು ವರ್ಷ ಬೇಸ್ ನುಡಿಸಿದವರು. ಬೇಸ್ ಎಂದರೆ ನಾಲ್ಕೇ ತಂತಿಯ, ದಪ್ಪ ದನಿಯ ಎಲೆಕ್ಟ್ರಿಕ್ ಗಿಟಾರ್. ಅದು ನುಡಿಯುತ್ತಿರುವಾಗ ನಮ್ಮಂಥವರಿಗೆ ಗೊತ್ತೇ ಆಗುವುದಿಲ್ಲ. ನಿಂತಿತೋ, ಹಾಡಿಗೆ ಉಪ್ಪು ಕಡಿಮೆ ಬಿದ್ದ ಹಾಗೆ.

ಎರಡು ವರ್ಷದ ಹಿಂದೆ ಇವರು ಸ್ಕೂಟರಿನಿಂದ ಬಿದ್ದರು. ಎಡ ಭುಜಕ್ಕೆ ಪೆಟ್ಟು. ಚರ್ಚಿನ ಗಿಟಾರೋ, ಅರೆಯುವ ಕಲ್ಲಿನಷ್ಟು ಭಾರ. ಗುಣವಾಗಿ ಹೋದ ಮೊದಲ ಭಾನುವಾರ, ಮೊದಲ ಹಾಡು ಮುಗಿಯುವ ಮುಂಚೆಯೇ ಭುಜ ಸೋತು ಗಿಟಾರ್ ಕೆಳಗಿಟ್ಟರು. ಮರುವಾರದಿಂದ ಇವರು ಕೊನೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಕೂರತೊಡಗಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಇವರೂ ಹೇಳಲಿಲ್ಲ.

ಈಚೆಗೆ ಭುಜದ ವ್ಯಾಯಾಮ ಮಾಡಿಸುವ ಡಾಕ್ಟರು, “ಹಗುರದ್ದು ಸಿಕ್ಕಿದ್ರೆ ನುಡಿಸ್ಬಹುದು” ಅಂದರು. ಅಷ್ಟು ಸಾಕಾಯಿತು. ಆ ಕಂಬದ ಮರೆಯಿಂದ ಇವರನ್ನು ಎಬ್ಬಿಸಲೇಬೇಕು ಎಂದು ನನಗೆ ಹಠ ಹುಟ್ಟಿತು. ಖರೀದಿಯ ಜವಾಬ್ದಾರಿ ನನ್ನದು. ಮತ್ತೆ ಯಾರದ್ದು?

ನನ್ನ ವ್ಯಾಪಾರದ ಮೊದಲ ಸೂತ್ರ ನಿಮಗೆ ಬಾಯಿಪಾಠ ಇದ್ದೀತು: ಇಷ್ಟವಾದದ್ದನ್ನು ಮುಖದಲ್ಲಿ ತೋರಿಸಬಾರದು. ತೋರಿಸಿದಿರೋ, ಐನೂರು ಹೋಯಿತು. ಚೀಲದಲ್ಲಿ ನೈಟಿ ತುಂಬಿಕೊಂಡು ಮನೆಮನೆಗೆ ಹೋಗಿ ಮಾರುತ್ತಿದ್ದ ಕಾಲದಲ್ಲಿ ಕಲಿತದ್ದು ಇದು. ಗಿರಾಕಿಯ ಕಣ್ಣು ಯಾವ ಬಣ್ಣದ ಮೇಲೆ ಎರಡು ಸಲ ಹೋಯಿತು ಎಂದು ನೋಡಿಯೇ ನಾನು ಬೆಲೆ ಹೇಳುತ್ತಿದ್ದೆ. ಇವತ್ತು ಬಿ.ಸಿ. ರೋಡಿನಲ್ಲಿ ಸ್ವಂತ ಬಟ್ಟೆ ಅಂಗಡಿ ಇದೆ ಎಂದರೆ ಅದಕ್ಕೆ ಆ ಕಣ್ಣುಗಳೇ ಕಾರಣ.

ಮದುವೆಯಾದ ತಿಂಗಳೇ ಲಾರೆನ್ಸ್‌ಗೂ ಕಲಿಸಿದೆ. ಅಂಗಡಿಯೊಳಗೆ ನೀವು ಕಲ್ಲು. ನಾನು ಕೆಮ್ಮಿದರೆ “ಬೇಡ, ಹೋಗುವ” ಎಂದು ಬಾಗಿಲ ಕಡೆ ನಡೆಯಬೇಕು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಇಂಥ ಶಿಷ್ಯ ಎಲ್ಲಿ ಸಿಗುತ್ತಾರೆ ಹೇಳಿ?

ಮೂರು ಗಿಟಾರ್ ನೋಡಿದೆವು. ಮೊದಲನೆಯದು ಬಂಟ್ವಾಳ ಪೇಟೆಯಲ್ಲಿ, ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಮಾರಲಿಟ್ಟದ್ದು. ಹೂವಿನಷ್ಟು ಹಗುರ. ಆದರೆ ದನಿ? ಖಾಲಿ ಎಣ್ಣೆ ಡಬ್ಬಕ್ಕೆ ಬಡಿದ ಹಾಗೆ. ಅದು ನನಗೂ ಗೊತ್ತಾಯಿತು ಎಂದರೆ ಲೆಕ್ಕ ಹಾಕಿ.

ಎರಡನೆಯದು ಬೆಳ್ತಂಗಡಿಯ ವಿಶ್ವಣ್ಣನದ್ದು. ಹಿಂದೆ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವರು. ಈಗ ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಮರಗಟ್ಟಿದೆ.

“ಬಲೆ ಬಲೆ ಬಾಯಮ್ಮ, ಒಳಗೆ ಬನ್ನಿ” ಎಂದು ಕರೆದರು. (‘ಬಲೆ’ ಎಂದರೆ ತುಳುವಿನಲ್ಲಿ ‘ಬನ್ನಿ’. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಇಲ್ಲಿನ ಹಿರಿಯರು ಕರೆಯುವುದು ‘ಬಾಯಮ್ಮ’ ಎಂದು. ನಮ್ಮ ಗಂಡಸರು ‘ಪೊರ್ಬುಗಳು’.) ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆವು.

ಗಿಟಾರ್ ಕಂದು ಬಣ್ಣದ್ದು. ಮೊಣಕೈ ಊರುವ ಜಾಗದಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು. ಗಲ್ಫಿಗೆ ಹೋಗುವವರ ಬ್ಯಾಗು ತೂಗುವ ಕೊಕ್ಕೆ ತಕ್ಕಡಿಯನ್ನು ನಾನು ಪರ್ಸಿನಲ್ಲೇ ಒಯ್ದಿದ್ದೆ. ತೂಗಿದೆ. ಮೂರು ಕಿಲೋ ಆರುನೂರು. ಲಾರೆನ್ಸ್ ಸ್ವಲ್ಪ ಹೊತ್ತು ನುಡಿಸಿದರು. ಮುಖ ನೋಡಿದೆ. ಕಲ್ಲು.

“ಎಷ್ಟು ವಿಶ್ವಣ್ಣ?”

“ಹದಿನಾರು. ಬೇರೆಯವರಿಗಾದ್ರೆ ಇಪ್ಪತ್ತು ಹೇಳ್ತಿದ್ದೆ.”

“ಬೇರೆಯವರಿಗೆ ಹದಿನಾಲ್ಕು ಹೇಳಿದ್ರಂತೆ!” (ಸುಳ್ಳು. ಒಮ್ಮೊಮ್ಮೆ ಬೇಕಾಗುತ್ತದೆ.)

“ಯಾರು ಹೇಳಿದ್ದು ಮಾರಾಯ್ರೆ? ನಾನು ಇನ್ನೂ ಯಾರಿಗೂ ತೋರಿಸ್ಲೇ ಇಲ್ಲ.”

ನಾನು ಕೆಮ್ಮಿದೆ. “ಬೇಡ, ಹೋಗುವ” ಎಂದರು ಲಾರೆನ್ಸ್. ಗಿಟಾರನ್ನು ಮೆಲ್ಲಗೆ ಮಂಚದ ಮೇಲೆ ಮಲಗಿಸಿ ಎದ್ದರು. ಆ ‘ಮೆಲ್ಲಗೆ’ ನನ್ನ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ.

ಮೂರನೆಯದು ಮೂಡುಬಿದಿರೆಯಲ್ಲಿ, ಎಸಿ ಇರುವ ಅಂಗಡಿಯಲ್ಲಿ. ಹೊಸತು, ಕಪ್ಪು, ಮುಖ ಕಾಣುವಷ್ಟು ಹೊಳಪು. ತೂಗಿದರೆ ಮೂರು ಕಿಲೋ ಮುನ್ನೂರು. ವಿಶ್ವಣ್ಣನದಕ್ಕಿಂತ ಮುನ್ನೂರು ಗ್ರಾಂ ಕಡಿಮೆ! ಹದಿನೇಳೂವರೆ ಸಾವಿರ ಹೇಳಿದವನನ್ನು ಹದಿನಾಲ್ಕಕ್ಕೆ ಇಳಿಸಿದೆ. ಎಸಿಯಲ್ಲೂ ಬೆವರಿದ. ದಾರಿಯುದ್ದಕ್ಕೂ ನನಗೆ ನಾನೇ ಶಭಾಸ್ ಹೇಳಿಕೊಂಡೆ. “ಥ್ಯಾಂಕ್ಸ್” ಎಂದರು ಲಾರೆನ್ಸ್. ಸಾಕಲ್ಲ?

ಮನೆಯಲ್ಲಿ ದಿನಾ ಹತ್ತು ನಿಮಿಷ ನುಡಿಸುತ್ತಿದ್ದರು. ಆಮೇಲೆ ಗೋಡೆಗೆ ಒರಗಿಸಿ ಪೇಪರ್ ಹಿಡಿಯುತ್ತಿದ್ದರು. ಅಭ್ಯಾಸ ತಪ್ಪಿದೆ, ಸರಿಹೋಗುತ್ತದೆ ಎಂದುಕೊಂಡೆ. ಎರಡು ಭಾನುವಾರ ಕಳೆಯಿತು. ಇವರು ಮತ್ತೆ ಕಂಬದ ಮರೆಗೇ ಹೋಗಿ ಕೂತರು.

ಆ ಮಧ್ಯಾಹ್ನ ಇವರು ಗಿಟಾರ್ ತೊಟ್ಟು ನುಡಿಸುವಾಗ ಎದುರಿಗೆ ಕೂತು ನೋಡಿದೆ. ಎಡಗೈ ತಂತಿ ಒತ್ತುವುದಕ್ಕಿಂತ ಹೆಚ್ಚಾಗಿ ಗಿಟಾರಿನ ತಲೆಯನ್ನು ಎತ್ತಿ ಹಿಡಿದಿತ್ತು. “ಒಮ್ಮೆ ಎರಡೂ ಕೈ ಬಿಡಿ” ಎಂದೆ. ಬಿಟ್ಟರು. ಬಸ್ಸಿನಲ್ಲಿ ನಿದ್ದೆ ಬಂದವನ ತಲೆಯ ಹಾಗೆ ಗಿಟಾರಿನ ತಲೆ ನಿಧಾನಕ್ಕೆ ಕೆಳಗೆ ವಾಲಿತು. ಇಡೀ ಭಾರ ಪೆಟ್ಟು ಬಿದ್ದ ಆ ಎಡಗೈಗೆ!

ತೂಕ ನೋಡಿದ್ದೆ. ಸಮತೂಕ ನೋಡಿರಲಿಲ್ಲ.

“ನೋವಾಗ್ತದೆ ಅಂತ ಹೇಳ್ಲಿಕ್ಕೆ ಏನು ನಿಮಗೆ?”

“ನೀನು ಅಷ್ಟು ಕಷ್ಟಪಟ್ಟು ಇಳಿಸಿದ್ದು…”

“ಹಾಗಾದ್ರೆ ಇಷ್ಟ ಆದದ್ದು ಯಾವುದು?”

ಗಿಟಾರನ್ನು ಗೋಡೆಗೆ ಒರಗಿಸಿದರು. “ವಿಶ್ವಣ್ಣನದ್ದು.”

“ಅಯ್ಯೋ ದೇವರೇ! ಅಲ್ಲೇ ಹೇಳ್ಬಾರದಿತ್ತಾ?”

“ಅಂಗಡಿಯಲ್ಲಿ ನಾನು ಕಲ್ಲು ಅಲ್ವಾ?” ಎಂದರು. ಚುಚ್ಚಿ ಹೇಳಿದ್ದಲ್ಲ. ನಿಜವಾಗಿಯೇ ಹೇಳಿದ್ದು. ಅದಕ್ಕೇ ಹೆಚ್ಚು ನಾಟಿತು.

ಕಪ್ಪು ಗಿಟಾರನ್ನು ಮೂಡುಬಿದಿರೆಗೆ ಹಿಂದೆ ಕೊಟ್ಟೆ. ಅಂಗಡಿಯವನು ಎರಡು ಸಾವಿರ ಮುರಿದುಕೊಂಡ. (ನಗುತ್ತಾ ಮುರಿದುಕೊಂಡ, ಪಾಪಿ.) ಮರುದಿನವೇ ಬೆಳ್ತಂಗಡಿಗೆ ಹೋದೆವು.

“ಬರ್ತೀರಿ ಅಂತ ಗೊತ್ತಿತ್ತು. ಇಬ್ಬರು ಕೇಳ್ಕೊಂಡು ಬಂದ್ರು, ನಾನು ಕೊಡ್ಲಿಲ್ಲ” ಎಂದರು ವಿಶ್ವಣ್ಣ.

“ಹೇಗೆ ಗೊತ್ತಾಯ್ತು? ಇವರು ಬಾಯಿಯೇ ಬಿಡ್ಲಿಲ್ವಲ್ಲ?”

“ಬಾಯಿ ಯಾಕೆ ಬಾಯಮ್ಮ? ಪೊರ್ಬುಗಳ ಮುಖ ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಇತ್ತು, ಒಪ್ಪುತ್ತೇನೆ. ಆದ್ರೆ ಕಾಲಿನ ಹೆಬ್ಬೆರಳು ನೋಡ್ಲಿಲ್ವಾ ನೀವು? ನೆಲಕ್ಕೆ ತಾಳ ಹಾಕ್ತಾ ಇತ್ತು!”

ಲಾರೆನ್ಸ್ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

“ಆಯ್ತು, ಹದಿನೈದು ಮಾಡಿ” ಎಂದೆ. ಚಾಳಿ ಬಿಡುತ್ತದೆಯೇ?

“ಆ ಹೆಬ್ಬೆರಳು ನೋಡಿದ ಮೇಲೆ ಇಳಿಸ್ಲಿಕ್ಕೆ ಉಂಟಾ? ನೀವಾದ್ರೆ ಇಳಿಸ್ತಿದ್ರಾ?”

ಖಂಡಿತ ಇಳಿಸುತ್ತಿರಲಿಲ್ಲ. ಸುಮ್ಮನೆ ಎಣಿಸಿ ಕೊಟ್ಟೆ.

ಲಾರೆನ್ಸ್ ಗಿಟಾರ್ ತೊಟ್ಟು ನಿಂತರು. ಎರಡೂ ಕೈ ಬಿಟ್ಟರು. ಅಲುಗಾಡಲಿಲ್ಲ, ಮಲಗಿದ ಮಗುವಿನ ಹಾಗೆ ಎದೆಗೊರಗಿ ನಿಂತಿತು. ಆಮೇಲೆ ನುಡಿಸಿದರು. ಪಕ್ಕದ ಕೋಣೆಯಲ್ಲಿ ನಮ್ಮವರು ಯಾರೋ ಇದ್ದಾರೆ ಎಂದು ಧೈರ್ಯವಾಗುತ್ತದಲ್ಲ, ಅಂಥ ದನಿ. ಎದುರಿನ ಕುರ್ಚಿಯಲ್ಲಿ ವಿಶ್ವಣ್ಣನ ಮರಗಟ್ಟಿದ ಬೆರಳುಗಳೂ ತಮ್ಮದೇ ತೊಡೆಯ ಮೇಲೆ ಅದೇ ತಂತಿಗಳನ್ನು ಒತ್ತುತ್ತಿದ್ದವು. ನಾನು ಮಾತ್ರ ನೆಲ ನೋಡುತ್ತಿದ್ದೆ. ಹೌದು, ತಾಳ ಹಾಕುತ್ತಿತ್ತು. ಇಪ್ಪತ್ತಾರು ವರ್ಷ ಊರಿನ ಗಿರಾಕಿಗಳ ಕಣ್ಣು ಓದಿದವಳಿಗೆ ಇದು ಕಾಣದೆ ಹೋಯಿತೇ?

ಈಗ ಊಟಕ್ಕೆ ಬಡಿಸುವಾಗಲೂ ಮೇಜಿನ ಕೆಳಗೆ ಇಣುಕುತ್ತೇನೆ. ಬಂಗುಡೆ ಹಾಕಿದ ದಿನ ಹೆಬ್ಬೆರಳು ಸುಮ್ಮನಿರುತ್ತದೆ. ದುಬಾರಿಯ ಕಾಣೆ ಮೀನು ಹಾಕಿದ ದಿನ ಮೇಲೆ ಕೆಳಗೆ ಆಡುತ್ತದೆ. ಇಷ್ಟು ವರ್ಷ ಅಗ್ಗವೆಂದು ನಾನು ಬಂಗುಡೆಯನ್ನೇ ತಂದೆ. ಇವರು “ಆಗ್ತದೆ” ಎಂದು ತಿಂದರು.

ಕಳೆದ ಭಾನುವಾರ ಕಂಬದ ಮರೆಯ ಜಾಗ ಖಾಲಿ ಇತ್ತು. ಹಾಡಿಗೆ ಉಪ್ಪು ಸರಿಯಾಗಿತ್ತು.

ಇನ್ನು ಕೆಲಸದ ಮಾತು. ಬೇಸ್ ಕೊಳ್ಳುವುದಿದ್ದರೆ ತಕ್ಕಡಿಯನ್ನೇ ನಂಬಬೇಡಿ. ಹೆಗಲಿಗೆ ಹಾಕಿ, ಎರಡೂ ಕೈ ಬಿಟ್ಟು, ತಲೆ ವಾಲುತ್ತದೆಯೇ ನೋಡಿ. ಅಂಗಡಿಯವ ಗಡಿಯಾರ ನೋಡಿದರೂ ಪರವಾಗಿಲ್ಲ, ಅರ್ಧ ಗಂಟೆಯಾದರೂ ನಿಂತೇ ನುಡಿಸಿ. ಹತ್ತು ನಿಮಿಷಕ್ಕೆ ಯಾವ ಭುಜವೂ ನಿಜ ಹೇಳುವುದಿಲ್ಲ. ಹೊಳಪಿಗೆ ಕಣ್ಣು ಮುಚ್ಚಿ ದನಿ ಕೇಳಿ. ಹೆಗಲ ಪಟ್ಟಿ ಅಗಲದ್ದಿರಲಿ (ಇವರದ್ದನ್ನು ನಾನೇ ಸ್ಪಂಜು ಇಟ್ಟು ಹೊಲಿದೆ). ಮತ್ತೆ, ಕೊಳ್ಳುವುದು ಗಿಟಾರೇ ಇರಲಿ, ಮೀನೇ ಇರಲಿ, ಯಾರಿಗಾಗಿ ಕೊಳ್ಳುತ್ತೀರೋ ಅವರ ಚಪ್ಪಲಿ ಮೊದಲು ಹೊರಗೆ ಬಿಡಿಸಿ.