ಬಾಣಂತಿ ಸನ್ನಿಯ ಜಾಡು ಹಿಡಿದ ಪ್ರಮೀಳಾ

ಇನ್ನೂ ಬೆಳಗಿನ ಆರು ಗಂಟೆ. ಗಾವಡಗೆರೆ ಹೋಬಳಿಯ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆ ಪ್ರಮೀಳಾ ಆಗಲೇ ವಿಮಲಮ್ಮನವರ ಮನೆ ಜಗುಲಿ ಹತ್ತಿದ್ದಾರೆ. ಹೆಂಗಸರು ಹೊಗೆಸೊಪ್ಪಿನ ಹೊಲಕ್ಕೆ ಹೊರಡುವ ಮೊದಲೇ ಹಿಡಿಯಬೇಕು. ವಿಮಲಮ್ಮನ ಸೊಸೆಗೆ ಏಳು ತಿಂಗಳು. ತೂಕ, ರಕ್ತ, ಮಾತ್ರೆ ಎಲ್ಲ ವಿಚಾರಿಸಿದ ಮೇಲೆ ಪ್ರಮೀಳಾ ದನಿ ತಗ್ಗಿಸುತ್ತಾರೆ. "ನಿಮ್ಮವ್ವಂಗೋ ಚಿಕ್ಕವ್ವಂಗೋ ಬಾಣಂತಿ ಸನ್ನಿ ಆಗಿತ್ತೇನವ್ವ?" ಹುಡುಗಿ ಅತ್ತೆಯ ಮುಖ ನೋಡಿ ಇಲ್ಲವೆಂದು ತಲೆಯಾಡಿಸುತ್ತಾಳೆ. ಪ್ರಮೀಳಾ ಬರೆದುಕೊಳ್ಳುವುದಿಲ್ಲ. ನಾಳೆ ಆಕೆಯ ತವರಿಗೇ ಬಸ್ಸು ಹಿಡಿದು ಹೋಗಿ ಅಲ್ಲಿನ ಮುದುಕಿಯರನ್ನು ಕೇಳುತ್ತಾರೆ. ಇದು ಯಾರೂ ಹೇಳಿ ಮಾಡಿಸುವ ಕೆಲಸವಲ್ಲ.

ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಇಲ್ಲದ್ದನ್ನು ಕಂಡು, ಹೆತ್ತ ಕೂಸನ್ನೇ ಅನುಮಾನಿಸುವ ಕಾಯಿಲೆ ಇದು. ಹತ್ತಿರದ ರಕ್ತಸಂಬಂಧದಲ್ಲಿ ಬಂದಿದ್ದರೆ ವಂಶವಾಹಿಯ ಮೂಲಕ ಬಸುರಿಗೂ ಬರುವ ಸಾಧ್ಯತೆ ಹೆಚ್ಚು. ಬಂದೇ ತೀರಬೇಕೆಂದಿಲ್ಲ, ಬಂದರೂ ಔಷಧಿಯಿದೆ. ಮೊದಲೇ ಗೊತ್ತಿರಬೇಕು, ಅಷ್ಟೆ. ಆದರೆ ಹೆಣ್ಣು ಕೊಡುವ ನಮ್ಮ ಜನ ಒಡವೆಯನ್ನೂ ಇಷ್ಟು ಜೋಪಾನವಾಗಿ ಮುಚ್ಚಿಡುವುದಿಲ್ಲ. ನೂರಾ ತೊಂಬತ್ತು ಮನೆ, ಹದಿನಾಲ್ಕು ವರ್ಷದ ಕೆಲಸ. ತಾವಾಗಿ ನಿಜ ಹೇಳಿದ್ದು ನಾಲ್ಕೇ ಮನೆಯವರು.

ಪ್ರಮೀಳಾ ಅವರ ಅಕ್ಕ ಪುಟ್ಟಿ, ಹೆರಿಗೆಯಾದ ಹನ್ನೊಂದನೇ ದಿನ ಬಾವಿಗೆ ಹಾರಿ ಪ್ರಾಣ ಬಿಟ್ಟರು. ಗಾಳಿ ಸೋಕಿದೆಯೆಂದು ಮನೆಯವರು ಯಂತ್ರ ಕಟ್ಟಿಸಿದ್ದರು. ಊರಿಗೆ ಹೇಳಿದ್ದು, ನೀರು ಸೇದುವಾಗ ಆಯತಪ್ಪಿದಳು ಎಂದು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಓದಲು ಹಿತವಾಗಿರುತ್ತಿತ್ತು. ಎರಡು ವರ್ಷದ ಹಿಂದೆ ಮಗಳು ಸ್ಪಂದನಾಳನ್ನು ಪಿರಿಯಾಪಟ್ಟಣದ ಕಡೆ ಕೊಡುವಾಗ ಪ್ರಮೀಳಾ ಕೂಡ ಬೀಗರಿಗೆ ಅದೇ ಸುಳ್ಳು ಹೇಳಿದರು. "ಊರೋರ್ನೆಲ್ಲ ಕೇಳ್ಕೊಂಡು ತಿರ್ಗೋಳು, ನನ್ ಮನೆ ಬಾಗ್ಲಿಗೆ ಬಂದಾಗ ಮುಚ್ಚಾಕ್ಬುಟ್ಟೆ ಕಣ್ರೀ."

ಸ್ಪಂದನಾಗೆ ಈಗ ಎಂಟು ತಿಂಗಳು. ಹೋದ ತಿಂಗಳು ಪ್ರಮೀಳಾ ಬೀಗರ ನಡುಮನೆಯಲ್ಲಿ ಕೂತು ಎಲ್ಲ ಹೇಳಿಬಿಟ್ಟರು. ಬೀಗಿತ್ತಿ ಕೊಡಲು ತಂದ ಕಾಫಿಯನ್ನು ಒಳಕ್ಕೆ ವಾಪಸು ಒಯ್ದರಂತೆ. ಮೊದಲ ಬಾಣಂತನ ತವರಿನದು, ಆದರೆ ಹುಚ್ಚಿನ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ ಎಂದರಂತೆ. ಏನನ್ನು ಗಮನಿಸಬೇಕೆಂದು ಬಲ್ಲ ಒಬ್ಬಳೇ ಹೆಂಗಸು, ಅವಳನ್ನೇ ಹೊರಗಿಟ್ಟರು. ಕೇಳಿ ನನಗೆ ಮೈ ಉರಿಯಿತು. ಆದರೂ ತಾಯಿ ಕಾರ್ಡಿನಲ್ಲಿ ವಿಷಯ ದಾಖಲಾಗಿದೆ, ಮೈಸೂರಿನ ಮನೋವೈದ್ಯರು ಒಮ್ಮೆ ನೋಡಿದ್ದಾರೆ, ಆ ಊರಿನ ಆಶಾ ದಿನವೂ ಹೋಗಿಬರಲು ಒಪ್ಪಿದ್ದಾರೆ.

ಹೆಸರು ಬದಲಿಸಿ ಬರೆಯಲೇ ಎಂದು ಕೇಳಿದೆ. ಬೇಡ, ಮುಚ್ಚಿಟ್ಟಿದ್ದು ಸಾಕು ಎಂದರು. ಬೀಗರಿಗೆ ನಿಜ ಹೇಳಿದಂದಿನಿಂದ ಮಗಳು ಫೋನು ಎತ್ತುತ್ತಿಲ್ಲ.

"ಮಾತು ಬುಟ್ರೆ ಬುಡ್ಲಿ. ಜೀವ ಉಳುಸ್ಕೊಂಡು ನನ್ನ ಬಯ್ಕೊಂಡಿರ್ಲಿ ಕಣ್ರೀ."