ಸೈನಿಕ ಹುಳು ಬಂದಾಗಿನ ದೊಡ್ಡಮ್ಮ

ದಂಡಿಗನಹಳ್ಳಿಯಲ್ಲಿ ನಮ್ಮ ಪಕ್ಕದ ಹೊಲದಾಕೆಯನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಾತಿಗೆ ನಿಲ್ಲುವವರು. ಏನು ಕೇಳಿದರೂ, "ಆಯ್ತದೆ ಬುಡು" ಎನ್ನುವರು.

ಒಂದು ಮಳೆಗಾಲ ಗಾಳಿಯ ಜೊತೆ ಎಲ್ಲಿಂದಲೋ ಹಿಂಡುಹಿಂಡಾಗಿ ಬಂದ ಪತಂಗಗಳು ನಮ್ಮ ಮುಸುಕಿನ ಜೋಳದಲ್ಲಿ ಮೊಟ್ಟೆಯಿಟ್ಟವು. ಅವುಗಳಿಂದ ಹುಟ್ಟಿದ ಸೈನಿಕ ಹುಳುಗಳು ಎಲೆಯನ್ನೆಲ್ಲ ಮುಗಿಸುತ್ತಾ, ದಂಡು ಕಟ್ಟಿಕೊಂಡು ದೊಡ್ಡಮ್ಮನ ರಾಗಿಯತ್ತ ಹರಿದವು. ದಾರಿಗೆ ಅಡ್ಡ ಕಾಲುವೆ ತೋಡಿದರೆ ಹುಳುಗಳು ಅದರಲ್ಲಿ ಬೀಳುತ್ತವೆ. ಬೆಳಿಗ್ಗೆ ಗುದ್ದಲಿ ಹಿಡಿದು ಬಂದ ದೊಡ್ಡಮ್ಮ ತಮ್ಮ ಬದುವಿನಲ್ಲಿ ನಿಲ್ಲದೆ, ನೇರವಾಗಿ ನಮ್ಮ ಹೊಲದ ನಡುವೆ ಬಂದು ಅಗೆಯತೊಡಗಿದರು.

ಅಪ್ಪ ಓಡಿಬಂದು, "ಅಕ್ಕಾ, ನಿಮ್ ಬದಿನತ್ರ ತೋಡ್ಕಳಿ. ಇಲ್ಲಿ ದಾಟ್ಬುಟ್ರೆ ನಿಮ್ ರಾಗಿನೂ ಓಯ್ತದೆ" ಎಂದರು.

"ಅಲ್ಲಿ ತೋಡುದ್ರೆ ನಿಂದು ಒಂದ್ ಕಡ್ಡಿನೂ ಉಳಿಯಾಕಿಲ್ಲ ಕಣಪ್ಪ. ಆಯ್ತದೆ ಬುಡು, ನೀನೂ ಗುದ್ದಲಿ ತಗಾ."

ಸಂಜೆಯವರೆಗೆ ಎಲ್ಲರೂ ಅಗೆದೆವು, ಬಿದ್ದ ಹುಳುಗಳ ಮೇಲೆ ಮಣ್ಣೆಳೆದು ತುಳಿದೆವು. ನಮ್ಮ ಅರ್ಧ ಜೋಳ ಉಳಿಯಿತು. ದೊಡ್ಡಮ್ಮನ ರಾಗಿಗೆ ಏನೂ ಆಗಲಿಲ್ಲವೆಂದೇ ಅಪ್ಪ ನೆಮ್ಮದಿಯಾಗಿದ್ದರು.

ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಸೊಸೆ ಹೇಳಿದರು: ಆ ರಾತ್ರಿ ಕೆಲವು ಹುಳುಗಳು ಕಾಲುವೆ ದಾಟಿ ರಾಗಿಯ ಅಂಚನ್ನು ಮೇಯ್ದಿದ್ದವಂತೆ. ಅಪ್ಪನ ಕಣ್ಣಿಗೆ ಬೀಳಬಾರದೆಂದು ದೊಡ್ಡಮ್ಮ ಮರುದಿನ ಬೆಳಕು ಹರಿಯುವ ಮೊದಲೇ ಆ ಪೈರನ್ನು ಕೊಯ್ದು ಎಮ್ಮೆಗೆ ಹಾಕಿಬಿಟ್ಟಿದ್ದರಂತೆ.