ಹೆಬ್ಬೆಟ್ಟಿನ ಮೂವತ್ತನಾಲ್ಕು ದಿನ

ಸೋಮಾನನ್ನು ನಾನು ಮೊದಲು ನೋಡಿದ್ದು ಹೋಳಿ ಹುಣ್ಣಿಮೆಯ ಮರುವಾರ, ಸೋಮವಾರ, ಹೊತ್ತು ನೆತ್ತಿಗೆ ಬರುವ ಮೊದಲು. ಪಾಕಿಸ್ತಾನದ ಸಂಗಡ ಯುದ್ಧ ನಿಂತ ಮರುವರ್ಷ ಅದು. ಹಿಂದಿನ ಮಳೆಗಾಲ ಕೈಕೊಟ್ಟಿತ್ತು. ಅಂಗಡಿಯಲ್ಲಿ ಜೋಳ ಸಿಗುತ್ತಿರಲಿಲ್ಲ. ನಮ್ಮೂರು ಹಳಿಯಾಳ ತಾಲೂಕಿನ ತೇರಗಾಂವದಿಂದ ಎರಡು ಮೈಲು ಆಚೆ, ಕಾಡಿನ ಅಂಚಿಗಿದೆ. ಅಲ್ಲಿನ ಚಾವಡಿಯ ಹಿಂದೆ ತಗಡಿನ ಚಪ್ಪರ ಹಾಕಿ ಸರಕಾರದವರು ಗಂಜಿ ಕೇಂದ್ರ ತೆರೆದಿದ್ದರು. ಗಂಜಿ ಕುದಿಸುವ ಕೆಲಸ ನನಗೆ ಸಿಕ್ಕಿತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಮತ್ತು ಲಿಂಗಾಯತರ ಕೈಯ ಅಡುಗೆಯಾದರೆ ಎಲ್ಲರೂ ಉಣ್ಣುತ್ತಾರೆ ಎಂದು ಪಂಚಾಯತಿಯವರ ವಿಚಾರ.

ಕಾಳು ಅಮೇರಿಕಾದಿಂದ ಬಂದ ಕೆಂಪು ಜೋಳ. ಅದಕ್ಕೆ ಜಿಗಿ ಇಲ್ಲ, ರೊಟ್ಟಿ ಬಡಿದರೆ ಹರಿಯುತ್ತದೆ. ಒಡೆದು ನುಚ್ಚು ಮಾಡಿ, ಉಪ್ಪು ಹಾಕಿ, ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದೆ. ಒಬ್ಬರಿಗೆ ಎರಡು ಸೌಟು. ಮುದುಕರು, ಮಕ್ಕಳು, ಬಸುರಿ ಬಾಣಂತಿಯರು, ಅಶಕ್ತರು, ಇವರಿಗೆ ಮಾತ್ರ. ಮೈಯಲ್ಲಿ ಕಸುವಿದ್ದವರು ಕೆರೆಯ ಕೆಲಸಕ್ಕೆ ಹೋಗಿ ಕಲ್ಲು ಒಡೆದು ಕಾಳು ತರಬೇಕು. ಸಿದ್ದಿ ಜನರ ಸಾಲು ಬೇರೆ ಇತ್ತು. ಬೇರೆ ಮಾಡಿದವರು ಯಾರೆಂದು ನಾನೂ ಕೇಳಿರಲಿಲ್ಲ.

ಆ ಸಾಲಿನಲ್ಲಿ ಸಕ್ಕುಬಾಯಿ ಎಂಬ ಮುದುಕಿ ದಿನಾ ಬರುತ್ತಿದ್ದಳು. ಗಂಜಿಯನ್ನು ಅಲ್ಲಿ ಕುಡಿಯುತ್ತಿರಲಿಲ್ಲ. ಅಲ್ಯುಮಿನಿಯಂ ಡಬರಿಯಲ್ಲಿ ಹಾಕಿಸಿಕೊಂಡು, ಸೆರಗು ಮುಚ್ಚಿ, ಕಾಡಿನ ಕಡೆಯ ತಮ್ಮ ಗುಡಿಸಿಲುಗಳ ವಾಡಿಗೆ ಒಯ್ಯುತ್ತಿದ್ದಳು. ಆ ಸೋಮವಾರ ಅದೇ ಡಬರಿ ಹಿಡಿದು ಅವಳ ಮಗ ಬಂದಿದ್ದ. ಇಪ್ಪತ್ತೆರಡು ವರ್ಷದವನು. ಅಂಗಿ ಹಳೆಯದು, ಆದರೆ ಒಗೆದದ್ದು, ಗುಂಡಿ ಒಂದೂ ಹೋಗಿರಲಿಲ್ಲ.

ಪಂಚಾಯತಿ ಸೆಕ್ರೆಟರಿ ಚನಬಸಪ್ಪ ಗಂಜಿಯವರ ಹೆಸರಿನ ವಹಿ ಇಟ್ಟುಕೊಂಡು ಕೂತಿದ್ದ.

"ನಮ್ಮವ್ವಗ ಏಳಾಕ ಆಗವಲ್ದು ರೀ," ಎಂದ ಸೋಮಾ. "ಆಕಿ ಪಾಲು ಒಯ್ಯಾಕ ಬಂದೇನಿ. ನಂದೂ ಒಂದ ಹೆಸರ ಹಚ್ಚಿಕೊಳ್ರಿ."

ಚನಬಸಪ್ಪ ವಹಿ ಮತ್ತು ಹೆಬ್ಬೆಟ್ಟು ಒತ್ತುವ ಮಸಿಯ ಡಬ್ಬಿ ಎರಡನ್ನೂ ಅವನ ಮುಂದೆ ಸರಿಸಿದ. ಸೋಮಾ ಮಸಿಯ ಡಬ್ಬಿ ಮುಟ್ಟಲಿಲ್ಲ. ಪೆನ್ನು ಕೇಳಿ ತೆಗೆದುಕೊಂಡು ಹೆಸರು ಬರೆದ, ಕೆಳಗೊಂದು ಗೆರೆ ಎಳೆದ.

"ಎಷ್ಟನೇತ್ತೆ ಕಲ್ತೀಯೋ?"

"ಮ್ಯಾಟ್ರಿಕ್ ಪಾಸಾಗೇನ್ರಿ. ಹಳಿಯಾಳದಾಗ."

"ಮ್ಯಾಟ್ರಿಕ್ ಆದಾಂವ ಅಶಕ್ತ ಹೆಂಗ ಆಗ್ತಾನಪಾ? ಸಹಿ ಮಾಡೋ ಕೈಗೆ ಹಾಕೋ ಗಂಜಿ ಅಲ್ಲ ಇದು." ಹಾಗೆಂದು ಹೆಸರಿನ ಮೇಲೆ ಅಡ್ಡ ಗೀಟು ಹೊಡೆದ.

ಈಚೆ ಸಾಲಿನಲ್ಲಿ ನಿಂತಿದ್ದ ಮುದಕವ್ವನಿಗೆ ಬಾಯಿ ಜೋರು. "ಸಾಲಿ ಕಲ್ತಾಂವನೂ ಇಲ್ಲೇ ಬಂದ, ಕಲೀಲಾರದ ನಾನೂ ಇಲ್ಲೇ ಬಂದೇನಿ. ನನ್ನ ಮೊಮ್ಮಗನ ಸಾಲಿ ಬಿಡಸ್ತೇನಿ ಹಂಗಾರ. ಹಾದಿ ಹತ್ತರ ಆಗ್ತೈತಿ."

ಸಾಲು ನಕ್ಕಿತು. ಆಕೆ ಮರುದಿನ ಮೊಮ್ಮಗನನ್ನು ಶಾಲೆ ಬಿಡಿಸಿಯೇ ಬಿಟ್ಟಳು.

ಅಂದು ನನಗೂ ಅವನ ಮೇಲೆ ಕನಿಕರ ಬರಲಿಲ್ಲ. ಇಂಥ ತೋಳಿರುವವನು, ಓದಿದವನು, ಮುದುಕರ ಪಾಲಿಗೆ ಯಾಕೆ ಬರಬೇಕು ಎಂದುಕೊಂಡೆ. ಒಬ್ಬರು ಹೆಚ್ಚಾದರೆ ಕೊಪ್ಪರಿಗೆಗೆ ನೀರು ಹೆಚ್ಚು ಹಾಕಬೇಕು, ಅದು ನನಗೆ ಗೊತ್ತಿದ್ದ ವಿಷಯ. ಸಕ್ಕುಬಾಯಿಯ ಎರಡು ಸೌಟು ಅವನ ಡಬರಿಗೆ ಹಾಕಿದೆ. ಅವನು ಹೋಗದೆ ನಿಂತ.

"ಅವ್ವಾರ, ನಮ್ಮವ್ವ ದಿನಾ ಇಲ್ಲೇ ಉಂಡ ಬಂದೇನಿ, ಇದು ನಿನ್ನ ಪಾಲು ಅಂತಾಳ್ರಿ. ಆಕಿ ಇಲ್ಲಿ ಉಣ್ತಾಳೇನ್ರಿ?"

"ಇಲ್ಲೋ ತಮ್ಮಾ," ಎಂದೆ. "ಒಂದ ದಿನಾನೂ ಉಂಡಿಲ್ಲ."

ಅವನು ಡಬರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಅವನ ಕಥೆ ನನಗೆ ಗೊತ್ತಾದದ್ದು ಆಮೇಲೆ. ಅವರ ವಾಡಿಯಲ್ಲಿ ಮ್ಯಾಟ್ರಿಕ್ ಮುಟ್ಟಿದವನು ಅವನೊಬ್ಬನೇ. ಹಳಿಯಾಳದಲ್ಲಿ ಒಬ್ಬ ಒಕ್ಕಲಿಗನ ಮನೆಯ ಕೊಟ್ಟಿಗೆಯಲ್ಲಿ ಮಲಗಿ, ಬೆಳಿಗ್ಗೆ ಸಂಜೆ ಸೆಗಣಿ ಬಳಿದು ಓದಿದ್ದ. ಪಾಸಾದ ಕಾಗದವನ್ನು ಸಕ್ಕುಬಾಯಿ ಬಿದಿರಿನ ನಳಿಗೆಯಲ್ಲಿ ಸುತ್ತಿ, ಬಾಯಿಗೆ ಬಟ್ಟೆ ತುರುಕಿ, ಜಂತಿಗೆ ಕಟ್ಟಿದ್ದಳು, ಇಲಿ ಮುಟ್ಟಬಾರದೆಂದು. ಎರಡು ವರ್ಷ ಅವನು ಅರ್ಜಿ ಬರೆದ. ಬಂಗೂರನಗರದ ಕಾಗದ ಕಾರಖಾನೆಗೆ ನಡೆದುಹೋಗಿ ಕೊಟ್ಟು ಬಂದ, ಮುಂಡಗೋಡಿನ ಕಚೇರಿಗೆ ಟಪಾಲಿನಲ್ಲಿ ಹಾಕಿದ. ಜಾಗ ಖಾಲಿ ಇಲ್ಲ ಎಂಬ ಉತ್ತರವನ್ನೂ ತಾಯಿ ಅದೇ ನಳಿಗೆಯಲ್ಲಿ ಇಡುತ್ತಿದ್ದಳಂತೆ.

ಹೆಸರಿಗೆ ಗೀಟು ಬಿದ್ದ ಮರುದಿನ ಅವನು ಕೆರೆಯ ಕೆಲಸಕ್ಕೆ ಹೋದ. ಕೂಲಿಯವರ ಮೇಲಿನ ಮುಕಾದಮ ಪರಸಪ್ಪ ಹಾಜರಿ ಪಟ್ಟಿ ತೊಡೆಯ ಮೇಲಿಟ್ಟುಕೊಂಡು ಹೆಸರು ಕೂಗುತ್ತಿದ್ದ. ಸೋಮಾ ಎದುರಿನಿಂದ ತಲೆಕೆಳಗಾಗಿಯೇ ಓದಿದ.

"ದ್ಯಾಮಪ್ಪ ಅಂತ ಐತಲ್ರಿ. ಅಂವ ಹೋದ ವರ್ಷ ತೀರಿಕೊಂಡಾನಲ್ರಿ?"

ಪರಸಪ್ಪ ಪಟ್ಟಿ ಮಡಚಿದ. "ನಿನ್ನಂಥಾ ಓದಿದಾಂವ ಕಲ್ಲ ಒಡದ್ರ ಕಲ್ಲಿಗೇ ನಾಚಿಗಿ ಬರ್ತೈತಿ. ಮನಿಗೆ ಹೋಗು."

ಸುತ್ತಿಗೆ ಕಸಿದುಕೊಂಡ. ಓದು ಬರುವವನನ್ನು ಅಲ್ಲಿ ಯಾರೂ ಮತ್ತೆ ಸೇರಿಸಲಿಲ್ಲ.

ತಾಯಿಯ ಪಾಲು ದಿನಾ ಒಯ್ಯುತ್ತಿದ್ದ ಸೋಮಾ ಮುಂದಿನ ಸೋಮವಾರ ಮತ್ತೆ ತನ್ನ ಹೆಸರು ಕೇಳಲು ಬಂದ. ಎಲ್ಲರೂ ಹೋಗುವವರೆಗೆ ದೂರ ನಿಂತಿದ್ದು, ಆಮೇಲೆ ಚನಬಸಪ್ಪನ ಹತ್ತಿರ ಹೋದ. ನಾನು ಕೊಪ್ಪರಿಗೆ ಕೆರೆಯುತ್ತಿದ್ದೆ, ಮಾತೆಲ್ಲ ಕೇಳುತ್ತಿತ್ತು. ಚನಬಸಪ್ಪ ಕೆಟ್ಟವನಲ್ಲ. ಹುಡುಗನ ಮುಖ ನೋಡಿ ದನಿ ತಗ್ಗಿಸಿದ.

"ಓದು ಬರಾಂಗಿಲ್ಲ ಅಂತ ಬರಕೋತೇನಿ. ಮೈಯಾಗ ಆರಾಮಿಲ್ಲ ಅಂತ ಬರಕೋತೇನಿ. ಹೆಬ್ಬೆಟ್ಟ ಒತ್ತು, ಎರಡ ಸೌಟ ತಗೋ. ಯಾರ ಬಂದ ನೋಡ್ತಾರ?"

ಸೋಮಾ ಡಬರಿ ನೆಲಕ್ಕಿಟ್ಟ. ಆಮೇಲೆ ಕೈ ಚಾಚಿದ.

ಮುದುಕರ ಕೈ ನಡುಗುತ್ತದೆಂದು ಹೆಬ್ಬೆಟ್ಟು ಹಿಡಿದು ಒತ್ತಿಸುವುದೂ ನನ್ನ ಕೆಲಸವೇ ಆಗಿತ್ತು. ಅವನ ಕೈ ನಡುಗುತ್ತಿರಲಿಲ್ಲ. ರೂಢಿಯಿಂದ ನಾನು ಹಿಡಿದೆ. ಮೊದಲ ದಿನ ಗುರುತು ಸರಿಯಾಗಿ ಮೂಡಲಿಲ್ಲ. "ಗಟ್ಟಿ ಒತ್ತೋ," ಎಂದ ಚನಬಸಪ್ಪ. ಎರಡನೆಯ ಸಲ ಮೂಡಿತು.

ಉಂಡಾದ ಮೇಲೆ ಅವನು ಒಲೆಯ ಬೂದಿ ತೆಗೆದುಕೊಂಡು ಹೆಬ್ಬೆರಳು ತಿಕ್ಕತೊಡಗಿದ. ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಕಡ್ಡಿ ತೆಗೆದುಕೊಂಡು ಕೆರೆದ.

"ಯಾಕೋ ಅಷ್ಟ ತಿಕ್ತಿ? ಚರ್ಮ ಕಿತ್ತ ಬರ್ತೈತಿ."

"ಅವ್ವ ಕೇಳ್ತಾಳ್ರಿ, ಸಹಿ ಮಾಡಿದೇನು ಅಂತ. ಹೂಂ ಅಂತೇನಿ. ನೀವು ಹೇಳಬ್ಯಾಡ್ರಿ."

ದಿನವೂ ಹಾಗೆಯೇ. ಅವನು ಬಂದ ಮೇಲೆ ಕೊಪ್ಪರಿಗೆಗೆ ನೀರು ಅರ್ಧ ಚರಗಿ ಹೆಚ್ಚು ಹಾಕಿದೆ. ಅದಕ್ಕೆ ಬದಲೋ ಎಂಬಂತೆ ಅವನು ಕಟ್ಟಿಗೆ ಒಡೆದು ಕೊಡುತ್ತಿದ್ದ, ಕೊಪ್ಪರಿಗೆ ಬೆಳಗುತ್ತಿದ್ದ. ಚನಬಸಪ್ಪ ಊಟಕ್ಕೆ ಹೋದಾಗ ನೆಲದ ಮೇಲೆ ಬೂದಿ ಹರವಿ ನನ್ನ ಹೆಸರು ಬರೆದು ತೋರಿಸಿದ. ಕಾಶೆವ್ವ. ನನಗೆ ಬರುವ ಅಕ್ಷರಗಳು ಅಲ್ಲಿಂದ ಬಂದವು.

ಒಮ್ಮೆ ನಾನು ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ. "ಇಷ್ಟ ಕಲ್ತೀದಿ. ಈ ಸಾಲಿನ್ಯಾಗ ನಿಲ್ಲಾಕ ನಿನಗ ಹೆಂಗ ಅನಸ್ತೈತೋ?"

"ಕಲ್ತಾಂವಗ ಹಸಿವಿ ಕಡಿಮಿ ಆಗ್ತೈತೆಂತ ಯಾವ ಪುಸ್ತಕದಾಗೂ ಬರದಿಲ್ರಿ ಅವ್ವಾರ. ನಾ ಎಲ್ಲಾ ಓದೇನಿ." ನಕ್ಕ. ಆಮೇಲೆ ಹೇಳಿದ, "ಕೆಲಸ ಸಿಕ್ಕ ದಿನಾ ಈ ಕಡೆ ಬರಾಂಗಿಲ್ರಿ. ಬಂದ್ರ ಜ್ವಾಳದ ಚೀಲ ತಗೊಂಡ ಬರ್ತೇನಿ."

ಕೆಲಸದ ಕಾಗದ ಬಂತು. ದಾಂಡೇಲಿಯ ಒಂದು ಕಟ್ಟಿಗೆ ಡಿಪೋದಲ್ಲಿ ಕಾರಕೂನನ ಜಾಗ. ನಡತೆ ಒಳ್ಳೆಯದೆಂದು ಪಂಚಾಯತಿಯಿಂದ ದಾಖಲೆ ತರಬೇಕು, ಅದರ ಮೇಲೆ ತಾಲೂಕಿನ ಸಾಹೇಬರ ಸಹಿ ಬೇಕು. ಸಾಹೇಬರು ಗಂಜಿ ಕೇಂದ್ರದ ತಪಾಸಣೆಗೆ ಬಸವ ಜಯಂತಿಯ ಮರುದಿನ ಬರುವವರಿದ್ದರು. ಹಾಗಾಗಿ ಸೋಮಾ ಅಂದೇ ಅರ್ಜಿ ಹಿಡಿದು ಚಪ್ಪರಕ್ಕೆ ಬಂದ. ಬಿದಿರಿನ ನಳಿಗೆ ಕಂಕುಳಲ್ಲಿತ್ತು.

ಸಾಹೇಬರು ಅರ್ಜಿ ಓದಿದರು. ಅಕ್ಷರ ಚೆನ್ನಾಗಿದೆ ಎಂದರು. ವಹಿ ಅವರ ಮುಂದೆಯೇ ತೆರೆದಿತ್ತು. ಹಾಳೆ ತಿರುವುತ್ತ ಒಂದು ಕಡೆ ಬೆರಳಿಟ್ಟರು.

"ಸೋಮಾ, ಸಕ್ಕುಬಾಯಿಯ ಮಗ. ಓದು ಬರಹ ಇಲ್ಲ, ಅಶಕ್ತ. ಇವನು ಯಾರು?"

"ಬ್ಯಾರೆ ಸೋಮಾ ಇರಬೇಕ್ರಿ ಸಾಹೇಬ್ರ," ಎಂದ ಚನಬಸಪ್ಪ ಅವಸರದಿಂದ. "ಆ ವಾಡಿಯಾಗ ಇದ ಹೆಸರಿನವರು ಭಾಳ ಅದಾರ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ಹೆಬ್ಬೆಟ್ಟು ಒತ್ತಿಸುವವಳು ನೀನಲ್ಲವೇ? ಒತ್ತಿದವನು ಇವನೇ ಏನು?"

"ಇಂವನ ರೀ," ಎಂದೆ. "ಮೂವತ್ನಾಕ ದಿನಾ ಒತ್ಯಾನ್ರಿ."

ಎಷ್ಟು ದಿನ ಎಂದು ಅವರು ಕೇಳಿರಲಿಲ್ಲ.

ಚನಬಸಪ್ಪ ಎದ್ದು ನಿಂತ. "ನನಗ ಓದು ಬರಾಂಗಿಲ್ಲ ಅಂತ ಹೇಳಿ ಬರಸ್ಯಾನ್ರಿ. ನಾ ನಂಬಿದೆ," ಎಂದ. ಆ ಸೋಮವಾರ ಅವನು ಹೇಳಿಕೊಟ್ಟ ಮಾತು ಕೇಳಿದವರು ಮೂವರೇ, ಹೇಳಿದವನು, ಸೋಮಾ ಮತ್ತು ನಾನು. ಸೋಮಾ ಅದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೇಳದ ಲೆಕ್ಕವನ್ನು ಬಾಯಿತುಂಬ ಹೇಳಿದ ನಾನು, ಇದನ್ನು ಕೇಳಲಿಲ್ಲವಲ್ಲ ಎಂದು ಸೌಟು ಹಿಡಿದುಕೊಂಡು ನಿಂತೆ. ಚನಬಸಪ್ಪ ನನ್ನ ಕೆಲಸ ತೆಗೆಯಬಲ್ಲವನಾಗಿದ್ದ. ಅಂದು ನನಗೆ ಅದು ನೆನಪಿತ್ತು.

"ಮ್ಯಾಟ್ರಿಕ್ ಸುಳ್ಳೋ, ಹೆಬ್ಬೆಟ್ಟು ಸುಳ್ಳೋ?" ಎಂದರು ಸಾಹೇಬರು. "ಎರಡೂ ಸರಕಾರದ ಕಾಗದ."

"ಹೆಬ್ಬೆಟ್ಟ ಸುಳ್ಳರೀ. ಹಸಿವಿ ಖರೇ ಇತ್ರಿ."

"ಕಲಿತವರೇ ಕಲಿಯದವರ ತುತ್ತು ತಿಂದರೆ ಅವರು ಎಲ್ಲಿಗೆ ಹೋಗಬೇಕು?"

ಸೋಮಾ ಸಾಲಿನ ಕಡೆ ನೋಡಿದ. "ನಮ್ಮ ತುತ್ತೇನ ಕಸಗೊಂಡಿಲ್ಲ ಬಿಡ್ರಿ ಅಂವ," ಎಂದಳು ಮುದಕವ್ವ. ಮೆಲ್ಲಗೆ ಅಂದಳು, ಸಾಹೇಬರಿಗೆ ಕೇಳಲಿಲ್ಲ.

ದಾಖಲೆ ಸಿಗಲಿಲ್ಲ. ವಹಿಯಿಂದ ಅವನ ಹೆಸರು ಹೋಯಿತು. ಡಿಪೋದ ಜಾಗ ಬೇರೆಯವರ ಪಾಲಾಯಿತು. ಸಕ್ಕುಬಾಯಿಯ ಎರಡು ಸೌಟು ಮಾತ್ರ ನಡೆಯುತ್ತಿತ್ತು. ಮಗನ ಹೆಬ್ಬೆಟ್ಟಿನ ಸುದ್ದಿ ಅವಳಿಗೂ ಮುಟ್ಟಿತು. ಆಮೇಲೆ ಅವಳು ಮಗನನ್ನೂ ಸಾಲಿಗೆ ಕಳಿಸಲಿಲ್ಲ, ಅವಳ ಪಾಲನ್ನು ಪಕ್ಕದ ಗುಡಿಸಿಲಿನವರು ಒಯ್ದು ಕೊಡುತ್ತಿದ್ದರು. ಇಬ್ಬರೂ ಅದನ್ನೇ ಹಂಚಿಕೊಳ್ಳುತ್ತಿದ್ದರು. ಶ್ರಾವಣದ ಎರಡನೆಯ ವಾರ ಅವಳು ತೀರಿಕೊಂಡಳು. ಗುಡಿಸಿಲಿನ ಜಂತಿಯಲ್ಲಿ ನಳಿಗೆ ಇನ್ನೂ ಕಟ್ಟಿಯೇ ಇತ್ತು ಎಂದು ಹೆಣಕ್ಕೆ ಹೋದವರು ಹೇಳಿದರು.

ಸೀಗೆ ಹುಣ್ಣಿಮೆ ಕಳೆದ ಮೇಲೆ ಸೋಮಾ ಅನಮೋಡದ ಕಡೆಯ ಕಾಡಿಗೆ ಬಿದಿರು ಕಡಿಯಲು ಹೋದ. ಅಲ್ಲಿ ಶಿವರಾತ್ರಿಗೆ ಹದಿನಾಲ್ಕು ದಿನ ಮುಂಚೆ ಜ್ವರ ಬಂದು ಸತ್ತ. ಅವನ ಜೊತೆ ಹೋಗಿದ್ದ ದಾವಲಸಾಬ ಸುದ್ದಿ ತಂದ. ನಾಲ್ಕು ದಿನದ ಜ್ವರ, ಔಷಧಿ ತರಲು ಹೋದವನು ಬರುವಷ್ಟರಲ್ಲಿ ಮುಗಿದಿತ್ತು. ಆ ಕಾಡಿನ ಮುಕಾದಮನ ಹಾಜರಿ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕೊನೆಯ ವಾರದವರೆಗೂ ಹೆಬ್ಬೆಟ್ಟಿತ್ತು ಎಂದೂ ದಾವಲಸಾಬ ಹೇಳಿದ. ಸೋಮಾನಿಗೆ ಓದು ಬರುತ್ತಿತ್ತೆಂದು ಆ ಕಾಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ.

ಆ ಹೆಬ್ಬೆಟ್ಟಿಗೆ ನಾನೂ ಕಾರಣ. ಕಾಡಿಗೆ ಹೊರಡುವ ಹಿಂದಿನ ದಿನ ಅವನು ಚಪ್ಪರದ ಕಡೆ ಬಂದಿದ್ದ. ಚನಬಸಪ್ಪ ಹಳಿಯಾಳಕ್ಕೆ ಹೋಗಿದ್ದ. ಹಂಚುವುದು ಮುಗಿದಿತ್ತು, ನನ್ನ ಪಾಲಿನ ಎರಡು ಸೌಟು ಚರಗಿಯಲ್ಲಿತ್ತು.

"ಬಾ, ಉಂಡ ಹೋಗು," ಎಂದೆ. "ಇದು ನನ್ನ ಪಾಲಿಂದು. ವಹಿಯಾಗ ಬರಿಯೂದೇನ ಇಲ್ಲ."

ತಾಯಿಯ ಡಬರಿಗೆ ಹಾಕಿಸಿಕೊಂಡು, ನಿಂತೇ ಕುಡಿದ. ಡಬರಿ ತೊಳೆದ. ಅಂದಿನ ತಪಾಸಣೆಯ ಮಾತು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು, ನಾನು ಚರಗಿ ತೊಳೆಯತೊಡಗಿದೆ. ಅವನು ಹೊರಟವನು ತಿರುಗಿ ನಿಂತು ಒಂದು ಮಾತು ಕೇಳಿದ. ನಾನು ಉತ್ತರ ಹೇಳಿದೆ, ಅವನು ಹಾಗೆಯೇ ಮಾಡಿದ. ಕೇಳುವಾಗ ಬಲಗೈಯ ಹೆಬ್ಬೆರಳನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತಿದ್ದ, ಮಸಿ ಇರಲಿಲ್ಲವಾದರೂ.

"ಅವ್ವಾರ, ನಾಳೆ ಮುಕಾದಮ ಹೆಸರ ಹಚ್ಚಿಕೊಳ್ಳುವಾಗ ಸಹಿ ಮಾಡ್ಲೇನ್ರಿ, ಹೆಬ್ಬೆಟ್ಟ ಒತ್ಲೇನ್ರಿ?"